ಗಿಂಡಿಯವರ ಮನೆಯ ಮೂರು ದಿನ

ಮದುವೆ ಮಾತು ಮುಗಿದು, ತಾಂಬೂಲ ಬದಲಾಗಿ, ಹೋಳಿಗೆ ತಿಂದು ಎಲ್ಲರೂ ಕೈ ತೊಳೆದುಕೊಂಡು ಬಂದ ಮೇಲೆ ಆ ಹೆಸರು ಹೊರಬಿತ್ತು. ಅರ್ಧ ಗಂಟೆ ಮೊದಲೇ ಬಿದ್ದಿದ್ದರೆ ಹೋಳಿಗೆಯಾದರೂ ಉಳಿಯುತ್ತಿತ್ತು.

೧೯೮೩ನೇ ಇಸವಿ, ಯುಗಾದಿ ಕಳೆದು ಒಂದು ವಾರ. ತುಮಕೂರಿನ ಸದಾಶಿವನಗರದಲ್ಲಿ ಅನಂತರಾಮಯ್ಯನವರ ನಡುಮನೆಗೆ ಜಮಖಾನ ಹಾಸಿತ್ತು. ಹುಡುಗಿ ಅವರ ಒಬ್ಬಳೇ ಮಗಳು ವಸುಮತಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಹುಡುಗ ಯೋಗನರಸಿಂಹ ಕುಣಿಗಲ್ಲಿನವನು, ಅದೇ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ಕು. ವಸುಮತಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಹನ್ನೊಂದು ಗಂಡುಗಳು ಬಂದು ಉಪ್ಪಿಟ್ಟು, ಕೇಸರಿಬಾತು ತಿಂದು, ಊರಿಗೆ ಹೋಗಿ ಬರೆಯುತ್ತೇವೆಂದು ಹೇಳಿ ಹೋಗಿದ್ದರು. ಯಾರೂ ಬರೆದಿರಲಿಲ್ಲ. ಹನ್ನೆರಡನೆಯವನನ್ನು ಅವಳೇ ಹುಡುಕಿಕೊಂಡಳು. ಜಾತಕ ಕೂಡಿತು, ಗೋತ್ರ ಬೇರೆ ಬೇರೆಯಾಯಿತು, ತಾಯಿ ಅಲಮೇಲಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದೂ ಆಯಿತು.

ಲಗ್ನಪತ್ರಿಕೆ ಬರೆಯಲು ಕುಳಿತ ಪುರೋಹಿತ ಲಕ್ಷ್ಮೀನರಸಿಂಹಯ್ಯನವರು ಗಂಡಿನ ಕಡೆಯ ಮೂರು ತಲೆಮಾರಿನ ಹೆಸರು ಬರೆದುಕೊಡಿ ಎಂದರು. ಹುಡುಗನ ತಂದೆ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಪುರೋಹಿತರು ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು.

"ಗಿಂಡಿ ವೆಂಕಟದಾಸಯ್ಯ. ಇದೇನು ಸ್ವಾಮಿ, ಗಿಂಡಿ ಅಂದ್ರೆ?"

"ನಮ್ಮ ಮನೆತನದ ಹೆಸರು. ನಾವು ಈಗ ಹಾಕ್ಕೊಳಲ್ಲ, ಸ್ಕೂಲಲ್ಲಿ ಹುಡುಗರು ಚೊಂಬು ಚೊಂಬು ಅಂತ ರೇಗಿಸ್ತಾರೆ. ನಮ್ಮ ತಂದೆ ಮಾತ್ರ ಬಿಡದೆ ಬರೀತಾರೆ."

ಅನಂತರಾಮಯ್ಯನವರ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಅವರೂ ಗಿಂಡಿಯವರು. ಗುಬ್ಬಿಯ ಗಿಂಡಿಯವರು. ನೀರೆರೆಯುವ ಕೊಕ್ಕಿನ ಚೆಂಬಿನ ಹೆಸರು ಹೊತ್ತ ಮನೆ ಭೂಮಿಯ ಮೇಲೆ ತಮ್ಮದೊಂದೇ ಎಂದು ಅವರು ಐವತ್ತೈದು ವರ್ಷ ನಂಬಿಕೊಂಡಿದ್ದರು.

"ಗೋತ್ರ ಬೇರೆ ಇದೆಯಲ್ಲ," ಎಂದರು ಅಲಮೇಲಮ್ಮ. "ನಮ್ಮದು ಭಾರದ್ವಾಜ, ಅವರದು ಕೌಶಿಕ."

"ಗೋತ್ರ ಬೇರೆ ತಾಯಿ, ಒಪ್ಪಿದೆ," ಎಂದರು ಪುರೋಹಿತರು. "ಆದ್ರೆ ದತ್ತು ಹೋದೋನು ಗೋತ್ರ ಬದಲಾಯಿಸ್ಕೋತಾನೆ, ರಕ್ತ ಬದಲಾಯಿಸ್ಕೋತಾನಾ? ದತ್ತು ಹೋದೋರ ಮನೆಗೂ ಹುಟ್ಟಿದ ಮನೆಗೂ ಕೊಟ್ಟು ತರೋದು ಇಲ್ಲ. ಇಂಥಾ ಹೆಸರು ಎರಡು ಕಡೆ ತಾನಾಗೇ ಹುಟ್ಟಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಯಾರೋ ಹೋಗಿರಬೇಕು. ಅದು ಇತ್ಯರ್ಥ ಆಗದೆ ನಾನು ಮಂತ್ರ ಹೇಳಲ್ಲ."

ಯಾರೂ ಅಡಿಗೆಮನೆಯ ಬಾಗಿಲ ಕಡೆ ನೋಡಲಿಲ್ಲ. ಅಲ್ಲಿ ಅನಂತರಾಮಯ್ಯನವರ ತಂಗಿ ತುಳಸಮ್ಮ ನಿಂತಿದ್ದಳು. ದತ್ತಿನ ಮಾತು ಆ ಮನೆಗೆ ಹೊಸದಲ್ಲ. ಮೂವತ್ತಾರು ವರ್ಷದ ಹಿಂದೆ, ತುಳಸಮ್ಮನಿಗೆ ಹದಿನಾರು ಇದ್ದಾಗ, ಗುಬ್ಬಿಯಲ್ಲೇ ಒಬ್ಬ ಹುಡುಗ ಗೊತ್ತಾಗಿದ್ದ. ಚಪ್ಪರದ ಗಳು ಕೂಡ ಬಂದಿದ್ದವು. ಆಗ ಅವಳ ಹೆತ್ತ ತಾಯಿ ಕೌಸಲ್ಯಮ್ಮನೇ ನಾಲ್ಕು ಜನರ ಮುಂದೆ, ಹುಡುಗನ ಅಜ್ಜ ದತ್ತು ಬಂದವನು, ಹುಟ್ಟಿದ್ದು ನಮ್ಮ ಗೋತ್ರದಲ್ಲಿ, ಇದು ಆಗಕೂಡದು ಎಂದು ಹೇಳಿಬಿಟ್ಟಳು. ಗಳುಗಳು ವಾಪಸು ಹೋದವು. ಎರಡು ವರ್ಷದ ಮೇಲೆ ಗೋತ್ರ ಗೀತ್ರ ಎಲ್ಲ ಸರಿಯಾಗಿದ್ದ, ಕೆಮ್ಮುತ್ತಿದ್ದ ಒಬ್ಬ ಎರಡನೇ ಸಂಬಂಧದವನಿಗೆ ಅವಳನ್ನು ಕೊಟ್ಟರು. ಇಪ್ಪತ್ತು ತುಂಬುವ ಮೊದಲೇ ವಿಧವೆಯಾಗಿ ತಾಯಿಯ ಅಡಿಗೆಮನೆಗೆ ವಾಪಸು ಬಂದಳು. ಗುಬ್ಬಿಯಲ್ಲಿ ಮಾತ್ರ ಕೌಸಲ್ಯಮ್ಮನ ಹೆಸರು ದೊಡ್ಡದಾಯಿತು. ಹೊಟ್ಟೆಯ ಮಗಳಿಗೋಸ್ಕರವೂ ಸುಳ್ಳು ಹೇಳದ ಹೆಂಗಸು ಎಂದು ಜನ ಕೈ ಮುಗಿಯುತ್ತಿದ್ದರು. ಜನಕ್ಕೇನು, ಕೈ ಮುಗಿಯುವುದಕ್ಕೆ ಖರ್ಚಿಲ್ಲ.

ಮದುವೆಗೆ ಜೂನ್ ಎಂಟಕ್ಕೆ ಮುಹೂರ್ತ ಇಟ್ಟಾಗಿತ್ತು. ಉಳಿದದ್ದು ಏಳು ವಾರ.

ಅನಂತರಾಮಯ್ಯ ಕೋರ್ಟಿನಲ್ಲಿ ಶಿರಸ್ತೇದಾರರು. ಮನೆಯ ಯಾವ ವಿಷಯವನ್ನೂ ಮೊಕದ್ದಮೆಯ ಹಾಗೆ ನೋಡುವುದು ಅವರ ಅಭ್ಯಾಸ. ಮಾರನೆಯ ದಿನವೇ ಒಂದು ನೋಟ್‌ಬುಕ್ಕು ತಂದು, ಮೊದಲನೆಯ ಹೇಳಿಕೆ ತೆಗೆದುಕೊಳ್ಳಲು ತಾಯಿಯ ಮುಂದೆ ಕುಳಿತರು. ಎಪ್ಪತ್ತೇಳರ ಕೌಸಲ್ಯಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅಮ್ಮ, ಕುಣಿಗಲ್ಲಲ್ಲಿ ನಮ್ಮ ದಾಯಾದಿಗಳು ಇದಾರೆ ಅಂತ ತಾತ ಯಾವತ್ತಾದ್ರೂ ಹೇಳಿದ್ರಾ?"

"ನಂಗೇನು ಗೊತ್ತು? ಹದಿಮೂರು ವರ್ಷಕ್ಕೆ ಆ ಮನೆಗೆ ಬಂದೆ. ನೀರು ಸೇದು ಅಂದ್ರೆ ಸೇದ್ದೆ, ರುಬ್ಬು ಅಂದ್ರೆ ರುಬ್ಬಿದೆ. ಸೊಸೆಗೆ ವಂಶವೃಕ್ಷ ಯಾರು ಹೇಳ್ತಾರೆ?"

"ಸೂತಕ? ಕುಣಿಗಲ್ಲಿಂದ ಸಾವಿನ ಕಾಗದ ಬಂದು ಮನೇಲಿ ಯಾರಾದ್ರೂ ಸ್ನಾನ ಮಾಡಿದ್ದು?"

ಮೊರ ಒಂದು ಗಳಿಗೆ ನಿಂತಿತು. "ಜ್ಞಾಪಕ ಇಲ್ಲ ಕಣೋ. ಮೊಮ್ಮಗಳ ಹೆಸರೇ ಒಂದೊಂದ್ಸಲ ಮರೆತುಹೋಗತ್ತೆ."

ಅದು ಸುಳ್ಳು. ಮೊಮ್ಮಗಳ ಹೆಸರಿರಲಿ, ಅವಳು ಹುಟ್ಟಿದ ದಿನ ಮನೆಯಲ್ಲಿ ಏನು ಹುಳಿ ಮಾಡಿದ್ದರು ಎನ್ನುವುದೂ ಮುದುಕಿಗೆ ನೆನಪಿತ್ತು. ತುಳಸಮ್ಮ ಒಲೆಯ ಮುಂದಿನಿಂದ ಒಂದು ಸಲ ತಿರುಗಿ ನೋಡಿದಳು. ಅಷ್ಟೆ.

ಸೂತಕದ ವಿಷಯದಲ್ಲಿ ಆ ಮನೆಯಷ್ಟು ಕಟ್ಟುನಿಟ್ಟು ಇನ್ನೊಂದಿರಲಿಲ್ಲ. ಹೋದ ವರ್ಷ ಗುಬ್ಬಿಯಲ್ಲಿ ದಾಯಾದಿಯೊಬ್ಬರು ತೀರಿಕೊಂಡಾಗ ಇಡೀ ಮನೆ ಹತ್ತು ದಿನ ದೇವರ ಕೋಣೆಯ ಹೊಸ್ತಿಲು ಮುಟ್ಟಲಿಲ್ಲ, ಕೌಸಲ್ಯಮ್ಮ ಊಟದಲ್ಲಿ ಉಪ್ಪನ್ನೂ ಮುಟ್ಟಲಿಲ್ಲ. ತುಳಸಮ್ಮ ಒಬ್ಬಳಿಗೆ ಸೂತಕವಿರಲಿಲ್ಲ, ಕೊಟ್ಟ ಹೆಣ್ಣು, ಬೇರೆ ಗೋತ್ರ. ಹಾಗಾಗಿ ದೇವರಿಗೆ ದೀಪ, ನೈವೇದ್ಯ ಅವಳ ಪಾಲಿಗೆ ಬಂದಿತ್ತು. "ಹೋದ ಗಂಡನಿಂದ ಇಷ್ಟಾದ್ರೂ ಉಪಯೋಗ ಆಯ್ತು," ಎಂದು ಅವಳೇ ನಕ್ಕಿದ್ದಳು. ಬೇರೆ ಯಾರಿಗೂ ನಗಲು ಆಗಿರಲಿಲ್ಲ.

ಭಾನುವಾರ ಅನಂತರಾಮಯ್ಯ ಚೇಳೂರಿಗೆ ಹೋದರು. ಅಲ್ಲಿ ದೊಡ್ಡಪ್ಪನ ಮಗ ಸುಬ್ಬಕೃಷ್ಣ ತೋಟ ಮಾಡಿಕೊಂಡಿದ್ದ. ಎಪ್ಪತ್ತರ ಮೇಲಾಗಿದ್ದರೂ ತೆಂಗಿನಮರದ ಬುಡಕ್ಕೆ ಹಾರೆ ಹಾಕಿ ನಿಂತಿದ್ದ.

"ಮೂಲ ನಮ್ದು ಗುಬ್ಬಿ ಅಲ್ಲ ಕಣೋ ಅನಂತು, ಕೋರದ ಹತ್ರ. ಸೀರಾ ರಸ್ತೇಲಿ ಅರವಟ್ಟಿಗೆ ಇಟ್ಕೊಂಡಿದ್ರಂತೆ. ಹೋಗೋರು ಬರೋರಿಗೆ ಗಿಂಡೀಲಿ ನೀರು ಬುಡೋರು. ಅದಕ್ಕೇ ಈ ಹೆಸರು. ಧಾತು, ಈಶ್ವರ ಸಂವತ್ಸರದ ಬರದಲ್ಲಿ ಬಾವಿ ಬತ್ತಿತು. ಬಾವೀನೇ ಇಲ್ದಿದ್ರೆ ಅರವಟ್ಟಿಗೆ ಎಲ್ಲಿ? ಅಣ್ಣತಮ್ಮಂದಿರು ಮೂರು ಜನ ಹೊರಟ್ರು. ದೊಡ್ಡೋನು ನಮ್ಮ ಮುತ್ತಾತ, ಗುಬ್ಬಿಗೆ ಬಂದ. ಎರಡನೆಯೋನು ಕಾಶಿಗೆ ಅಂತ ಹೋದೋನು ಹೋದ."

"ಮೂರನೆಯೋನು?"

"ಎಂಟು ವರ್ಷದ ಮಗು. ದಾರೀಲೇ ಸತ್ತುಹೋಯ್ತಂತೆ. ಹೊಟ್ಟೆಗಿಲ್ದೆ."

ಅನಂತರಾಮಯ್ಯ 'ಮೂರನೆಯವನು: ಮೃತ' ಎಂದು ಬರೆದುಕೊಂಡು ಅಡಿಗೆರೆ ಎಳೆದರು. ನೂರು ವರ್ಷದ ಹಿಂದೆ ಹಸಿವಿನಿಂದ ಸತ್ತ ಮಗುವಿನ ಸುದ್ದಿ ಕೇಳಿ ಇಷ್ಟು ಸಂತೋಷಪಟ್ಟ ಮನುಷ್ಯ ಬೇರೊಬ್ಬ ಇರಲಾರ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸುವಾಗ ಮನೆಗೆಂದು ಬೇಕರಿ ಬಿಸ್ಕತ್ತು ಕೊಂಡರು.

ಆ ಸಂತೋಷ ಎರಡು ವಾರ ನಡೆಯಿತು. ಅಷ್ಟರಲ್ಲಿ ಅಲಮೇಲಮ್ಮ ಮದುವೆಗೆ ಹಪ್ಪಳ ಒತ್ತಿ, ಸಂಡಿಗೆ ಇಟ್ಟು, ಒಣಮೆಣಸಿನಕಾಯಿ ತೊಟ್ಟು ಬಿಡಿಸಿ ಡಬ್ಬ ತುಂಬಿಸಿದರು. ಆದರೆ ಪುರೋಹಿತರು ಎರಡೂ ಕಡೆಯ ಮಾತು ಕೇಳಬೇಕೆಂದರು. ಮೇ ತಿಂಗಳ ಎರಡನೆಯ ಭಾನುವಾರ ಅನಂತರಾಮಯ್ಯ ಕುಣಿಗಲ್ಲಿನ ಬಸ್ಸು ಹತ್ತಿದರು.

ಹುಡುಗನ ಅಜ್ಜ ವೆಂಕಟದಾಸಯ್ಯ ಜಗಲಿಯ ಮಂಚದ ಮೇಲೆ ಮಲಗಿದ್ದರು. ಎಂಬತ್ತಮೂರು ವರ್ಷ. ಎದೆಗೂಡು ಏರಿ ಇಳಿಯುವುದು ಕಾಣುತ್ತಿತ್ತು.

"ನಮ್ಮಪ್ಪ ಈ ಊರಿನೋನಲ್ಲ," ಎಂದರು ಅಜ್ಜ. "ಬರಗಾಲದಲ್ಲಿ ಬಂದೋನು. ಇಲ್ಲಿ ಮಕ್ಕಳಿಲ್ಲದೋರು ಒಬ್ರು ದತ್ತು ತಗೊಂಡ್ರು. ಬಂದಾಗ ಎಂಟು ವರ್ಷವಂತೆ. ಸೊಂಟಕ್ಕೊಂದು ತುಂಡು, ಕೈಯಲ್ಲೊಂದು ಗಿಂಡಿ. ಊರೋರು ಗಿಂಡಿ ಹುಡುಗ ಅಂದ್ರು, ಅದೇ ನಿಂತುಹೋಯ್ತು."

"ಯಾವ ಕಡೆಯಿಂದ ಬಂದರಂತೆ?"

"ಹೇಳ್ತಿರಲಿಲ್ಲ. ಕೇಳಿದ್ರೆ ಊಟ ಬಿಟ್ಟು ಏಳೋನು. ಒಂದ್ಸಲ ಕೇಳಿ ಏಟು ತಿಂದೆ. ಆಮೇಲೆ ಕೇಳ್ಲಿಲ್ಲ."

ಹುಡುಗನ ತಾಯಿ ಮಜ್ಜಿಗೆ ತಂದುಕೊಟ್ಟು ಅಲ್ಲೇ ನಿಂತರು. "ನಮಗೂ ಹೆದರಿಕೆ ಇದೆ ಇವರೇ. ಒಬ್ಬನೇ ಮಗ. ಅಣ್ಣತಂಗಿ ಸಂಬಂಧ ಅಂತ ನಾಳೆ ಯಾರಾದ್ರೂ ಅಂದ್ರೆ ನಾವು ಬದುಕಿರಕ್ಕಾಗತ್ತಾ? ಅನುಮಾನ ಉಳಿಯೋ ಹಾಗಿದ್ರೆ ಬೇಡ, ಬಿಟ್ಬಿಡೋಣ."

ವಾಪಸು ಬರುವ ಬಸ್ಸಿನಲ್ಲಿ ಅನಂತರಾಮಯ್ಯ ನೋಟ್‌ಬುಕ್ಕು ತೆರೆಯಲಿಲ್ಲ. ಎಂಟು ವರ್ಷ ಅಲ್ಲೂ, ಎಂಟು ವರ್ಷ ಇಲ್ಲೂ. ಅವರು ಕಿಟಕಿಯ ಸರಳು ಹಿಡಿದುಕೊಂಡು ತುಮಕೂರು ಬರುವವರೆಗೂ ಹಾಗೇ ಕೂತಿದ್ದರು.

ಆ ದಿನ ಸಂಜೆ ಮನೆಯಲ್ಲಿ ಒಲೆ ಹೊತ್ತಿದ್ದಕ್ಕಿಂತ ಜಗಳ ಹೊತ್ತಿದ್ದೇ ಹೆಚ್ಚು.

"ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸೈನ್ ಹಾಕ್ತೀವಿ," ಎಂದಳು ವಸುಮತಿ. "ಕಾನೂನಲ್ಲಿ ಇದಕ್ಕೆಲ್ಲ ಅಡ್ಡಿ ಇಲ್ಲ. ಕೋರ್ಟಲ್ಲಿ ಇರೋರು ನೀವೇ, ನಿಮಗೆ ಗೊತ್ತಿಲ್ವಾ ಅಪ್ಪ?"

"ಕಾನೂನು ಬಂದು ನಿನ್ನ ಸೀಮಂತಕ್ಕೆ ಆರತಿ ಎತ್ತತ್ತೇನೆ?" ಅಲಮೇಲಮ್ಮ ಸಾರಿನ ಪಾತ್ರೆ ಕುಕ್ಕಿದರು. "ಅವರಮ್ಮ ಏನಂದ್ರು ಕೇಳಿದೆಯಲ್ಲ! ಆ ಹುಡುಗ ಬರ್ತಾನಾ ನಿನ್ನ ಹಿಂದೆ?"

ವಸುಮತಿ ತಟ್ಟೆ ದೂರ ಸರಿಸಿದಳು. ಯೋಗನರಸಿಂಹ ಒಳ್ಳೆಯವನು, ಆದರೆ ಅಮ್ಮನ ಮಾತು ಮೀರುವವನಲ್ಲ. ಹಾಗೆಂದು ಅವನೇ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದ.

"ಇದು ಮುರಿದ್ರೆ ಇನ್ನೊಬ್ಬನ ಮುಂದೆ ನಾನು ಉಪ್ಪಿಟ್ಟು ತಟ್ಟೆ ಹಿಡ್ಕೊಂಡು ಬರಲ್ಲ. ಹೇಳಿದೀನಿ," ಎಂದಳು. "ನಾನೂ ತುಳಸತ್ತೆ ಹಾಗೇ ಇದ್ದುಬಿಡ್ತೀನಿ."

ಹೇಳಬಾರದಾಗಿತ್ತು ಎಂದು ಅವಳಿಗೆ ತಕ್ಷಣವೇ ಅನ್ನಿಸಿತು. ತುಳಸಮ್ಮ ಮಾತ್ರ ಏನೂ ಆಗದವಳಂತೆ ಅವಳ ತಟ್ಟೆಗೆ ಪಲ್ಯ ಬಡಿಸಿದಳು. "ಮೊದಲು ಊಟ ಮಾಡು. ನನ್ನ ಹಾಗಿರೋದು ನೀನು ಅಂದ್ಕೊಂಡಷ್ಟು ಸುಲಭ ಅಲ್ಲ."

ಕೌಸಲ್ಯಮ್ಮನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಹಸಿವಿಲ್ಲವೆಂದು ಎದ್ದುಹೋದಳು.

ಪುರೋಹಿತರು ಎರಡೂ ಹೇಳಿಕೆ ಓದಿ ನೋಟ್‌ಬುಕ್ಕು ಮುಚ್ಚಿದರು. "ಮೂರನೆಯ ಮಗು ಸತ್ತಿದ್ರೆ ಕುಣಿಗಲ್ಲಿಗೆ ಹೋದದ್ದು ಬೇರೆ ಯಾವುದೋ ಮಗು. ಸಾಯದೆ ಇದ್ರೆ ಇವರು ನಿಮ್ಮ ರಕ್ತ. ಕಾಗದ ಪತ್ರದಲ್ಲಿ ಇದು ತೀರಲ್ಲ ಅನಂತರಾಮಯ್ಯ. ಕೌಸಲ್ಯಮ್ಮ ಒಬ್ಬರೇ ಹಳೇ ತಲೆ. ಅವರು ಸೂತಕ ಹಿಡಿದ ಮನೆ ಅಂದ್ರೆ ಅದು ನಿಮ್ಮ ಮನೆ. ಇಲ್ಲ ಅಂದ್ರೆ ಇಲ್ಲ. ಆಕೆ ಮಾತಿಗೆ ನಾನೂ ತಲೆ ಬಾಗ್ತೀನಿ."

"ಅವಳು ಜ್ಞಾಪಕ ಇಲ್ಲ ಅಂತಾಳೆ."

"ಜ್ಞಾಪಕ ಮಾಡ್ಕೊಳ್ಳಕ್ಕೆ ಹೇಳಿ."

ಹೇಳುವ ಮೊದಲೇ ಮೇ ಹನ್ನೊಂದು, ಬುಧವಾರ ಬಂತು. ವಸುಮತಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಮನೆಗೆ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಕುಣಿಗಲ್ಲಿಂದ ಫೋನ್ ಬಂತು. ಅವರ ತಾತ ಹೋದ್ರಂತೆ, ಬೆಳಗಿನ ಜಾವ. ಮದುವೆ ನಿಲ್ಲಿಸಬೇಡಿ, ನನ್ನ ಹದಿಮೂರು ಮುಗಿಸಿ ಮಾಡಿ ಅಂತ ನಿನ್ನೇನೇ ಹೇಳಿದ್ರಂತೆ."

ಅನಂತರಾಮಯ್ಯ ಕಾಫಿ ಲೋಟ ಕೆಳಗಿಟ್ಟರು. ಅಲಮೇಲಮ್ಮ ಸೆರಗು ಬಾಯಿಗೆ ಹಿಡಿದರು. ಯಾರೂ ಯಾರಿಗೂ ಹೇಳಲಿಲ್ಲ, ಆದರೆ ಎಲ್ಲರೂ ಕೌಸಲ್ಯಮ್ಮನನ್ನೇ ನೋಡುತ್ತಿದ್ದರು. ದಾಯಾದಿ ಸತ್ತ ಸುದ್ದಿ ಕಿವಿಗೆ ಬಿದ್ದರೆ ಆ ಹೆಂಗಸು ಕೂತಲ್ಲಿ ಕೂರುವವಳಲ್ಲ. ಎದ್ದು ಬಚ್ಚಲಿಗೆ ಹೋಗಿ ಉಟ್ಟ ಸೀರೆಯ ಮೇಲೇ ತಣ್ಣೀರು ಸುರಿದುಕೊಳ್ಳುವವಳು. ಅರವತ್ತು ವರ್ಷ ಹಾಗೇ ಮಾಡಿದ್ದಳು. ಈಗ ಎದ್ದಳೋ, ಮದುವೆ ಮುರಿಯಿತು.

ಕೌಸಲ್ಯಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

"ಪಾಪ," ಎಂದಳು. "ವಯಸ್ಸಾಗಿತ್ತು. ಅಲಮೇಲು, ಆ ಮಗು ರಾತ್ರಿಯೆಲ್ಲ ಎದ್ದಿದೆ, ಕಾಫಿ ಕೊಡು. ನಂಗೂ ಅರ್ಧ ಲೋಟ ಹಾಕು."

ವಸುಮತಿ ಅಲ್ಲೇ ಗೋಡೆಗೊರಗಿ ಕುಸಿದು ಅತ್ತಳು. ಅನಂತರಾಮಯ್ಯ ಮೇಲೆ ನೋಡಿ ಕೈ ಮುಗಿದರು. ತಾಯಿ ಸ್ನಾನಕ್ಕೆ ಏಳಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕೆ? ಹೊಟ್ಟೆಯ ಮಗಳಿಗೋಸ್ಕರವೂ ಸುಳ್ಳು ಹೇಳದವಳು.

ಅವರು ಪೂಜೆಗೆಂದು ಪಂಚೆ ಬದಲಾಯಿಸಲು ಎದ್ದಾಗ ಕೌಸಲ್ಯಮ್ಮ ತಡೆದಳು. "ಪೂಜೆ ಇವತ್ತು ತುಳಸಿ ಮಾಡ್ತಾಳೆ ಬಿಡು. ನೀನು ಹೀಗೇ ಹೊರಟು ಮೊದಲನೇ ಬಸ್ಸಿಗೆ ಚೇಳೂರಿಗೆ ಹೋಗು. ಮದುವೆ ಕಾಯಿ ನಿಂತುಕೊಂಡು ಕೀಳಿಸದೆ ಇದ್ರೆ ಸುಬ್ಬಕೃಷ್ಣ ಎಳೇ ಕಾಯಿ ತುಂಬಿ ಕಳಿಸ್ತಾನೆ."

"ಕೋರ್ಟಿಗೆ ಬೇಸಿಗೆ ರಜ ಇದೆ, ಹೋಗಬಹುದು. ಆದ್ರೆ ಸ್ನಾನ ಆಗಿಲ್ವಲ್ಲಮ್ಮ."

"ಅವನ ತೋಟದ ತೊಟ್ಟೀಲಿ ಮಾಡ್ಕೋ. ಉಟ್ಟಬಟ್ಟೇಲೇ ಇಳಿ, ಈ ಸೆಖೆಗೆ ಒಳ್ಳೇದು. ಶನಿವಾರದ ತನಕ ಅಲ್ಲೇ ಇರು, ಸುಲಿಸಿಕೊಂಡೇ ಬಾ."

ಸೊಸೆಗೂ ಕೆಲಸ ಹುಟ್ಟಿತು. ಬೀಗರು ಬಂದರೆ ಮಲಗುವುದಕ್ಕೆ ಬೇಕಲ್ಲ, ಅಟ್ಟದ ಮೇಲಿನ ಹಳೇ ಹಾಸಿಗೆ, ಕೌದಿ, ದಿಂಬಿನ ಗವಸು ಎಲ್ಲ ಇಳಿಸಿ ಒಗೆಯಬೇಕು. ಮೈಲಿಗೆಯ ಕೆಲಸ, ಮೂರು ದಿನ ದೇವರ ಕೋಣೆಯ ಕಡೆ ಹೋಗುವ ಹಾಗಿಲ್ಲ. ಮೊದಲು ತಲೆಗೆ ನೀರು ಹಾಕಿಕೊಂಡು ಶುರುಮಾಡು, ವಸುಮತಿಗೂ ಹಾಕು, ಬಸ್ಸಿನ ಧೂಳು ಎಂದಳು ಮುದುಕಿ. ಅಲಮೇಲಮ್ಮ ಹೇಳಿದ್ದೆಲ್ಲ ಮಾಡಿದರು. ಸಂತೋಷದಲ್ಲಿದ್ದರು, ಅತ್ತೆ ಬೆಟ್ಟ ಒಗೆ ಎಂದರೂ ಒಗೆಯುತ್ತಿದ್ದರು.

"ನನ್ನ ಮೊಣಕಾಲು ಹಿಡ್ಕೊಂಡಿದೆ ತುಳಸಿ," ಎಂದಳು ಕೌಸಲ್ಯಮ್ಮ ಕೊನೆಗೆ. "ನೈವೇದ್ಯದ ಅಡಿಗೆ ನೀನೇ ಮಾಡು."

ಮೊಣಕಾಲು ಬುಧವಾರ ಹಿಡಿದಿತ್ತು, ಗುರುವಾರ ಹಿಡಿದಿತ್ತು, ಶುಕ್ರವಾರವೂ ಹಿಡಿದಿತ್ತು. ಹಿತ್ತಲ ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು ಅಲ್ಲೇ ಮಲಗಿದಳು. ಊಟಕ್ಕೆ ಅನ್ನ, ಬರೀ ಬೇಯಿಸಿದ ಬೇಳೆ ಸಾಕೆಂದಳು. ತುಳಸಮ್ಮ ಉಪ್ಪಿನ ಮರಿಗೆ ಹತ್ತಿರ ಸರಿಸಿದರೆ ಹಿಂದಕ್ಕೆ ಸರಿಸಿದಳು, ಕಾಲು ಬಾತಿದೆ, ಉಪ್ಪು ಬೇಡ. ಕಾಲು ಬಾತದ್ದು ಯಾರಿಗೂ ಕಾಣಲಿಲ್ಲ.

ಶನಿವಾರ ಬೆಳಿಗ್ಗೆ ತುಳಸಮ್ಮ ಎದ್ದು ಬರುವ ಹೊತ್ತಿಗೆ ಕೌಸಲ್ಯಮ್ಮ ದೇವರ ಕೋಣೆಯಲ್ಲಿದ್ದಳು. ಮೊಣಕಾಲು ಪದ್ಮಾಸನದಲ್ಲಿತ್ತು. ಬಚ್ಚಲಲ್ಲಿ ಉಟ್ಟು ನೆನೆಸಿ ಬಿಟ್ಟ ಸೀರೆ ಮುದ್ದೆಯಾಗಿ ಬಿದ್ದಿತ್ತು, ಪಕ್ಕದಲ್ಲಿ ತೊಳೆದ ಚಾಪೆ ಗೋಡೆಗೊರಗಿತ್ತು. ಎಪ್ಪತ್ತೇಳು ವರ್ಷದ ಮುದುಕಿ ಒಬ್ಬಳೇ ತಣ್ಣೀರು ತೋಡಿಕೊಂಡು ಮೈಮೇಲೆ ಸುರಿದುಕೊಂಡಿದ್ದಳು.

ತುಳಸಮ್ಮ ಸೀರೆಯನ್ನು ಎತ್ತಿಕೊಂಡು ಹಿಂಡಿದಳು. ನೀರು ಕಾಲ ಮೇಲೆ ಸುರಿಯುತ್ತಿತ್ತು. ಬುಧ, ಗುರು, ಶುಕ್ರ ಎಂದು ಬೆರಳು ಮಡಿಸಿದಳು. ಅಣ್ಣನನ್ನು ಉಟ್ಟಬಟ್ಟೆಯಲ್ಲಿ ನೀರಿಗಿಳಿಸಿದ್ದು, ಅತ್ತಿಗೆಯನ್ನು ಕೌದಿಯ ರಾಶಿಯಲ್ಲಿ ಕೂರಿಸಿದ್ದು, ದೇವರ ಕೋಣೆಗೆ ತನ್ನನ್ನು ಮಾತ್ರ ಬಿಟ್ಟದ್ದು, ಎಲ್ಲ ಒಂದಾದ ಮೇಲೆ ಒಂದರಂತೆ ಕಣ್ಣೆದುರು ಬಂತು. ಒದ್ದೆ ಸೀರೆ ಕೈಯಲ್ಲೇ ಹಿಡಿದು ದೇವರ ಕೋಣೆಯ ಹೊಸ್ತಿಲಿಗೆ ಬಂದಳು.

"ಅಮ್ಮ. ಈ ಮನೇಲಿ ಐದು ಜನ ಇದೀವಿ. ಗಿಂಡಿಯವಳಲ್ಲದೋಳು ನಾನೊಬ್ಬಳೇ."

ಕೌಸಲ್ಯಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಮೆತ್ತಗೆ ಮಾತಾಡು."

"ಮೂರು ದಿನ ಸೂತಕ ಹಿಡಿಸಿದೆ. ಯಾರಿಗೂ ಗೊತ್ತಾಗದ ಹಾಗೆ, ಅವರಿಗೇ ಗೊತ್ತಾಗದ ಹಾಗೆ."

"ಮಗು ಸತ್ತಿರಲಿಲ್ಲ ಕಣೇ," ಎಂದಳು ಮುದುಕಿ. "ಎರಡು ಪಲ್ಲ ರಾಗಿ ಇಸ್ಕೊಂಡು ಕೊಟ್ಟುಬಿಟ್ರು. ಮಗು ಮಾರಿದ್ರು ಅಂತ ಜನ ಉಗೀತಾರಲ್ಲ, ಅದಕ್ಕೆ ಸತ್ತ ಅಂದ್ರು. ಆ ರಾಗಿ ತಿಂದೇ ನಮ್ಮ ಮಾವನೋರ ಅಪ್ಪ ಬದುಕಿದ್ದು, ನೀವೆಲ್ಲ ಹುಟ್ಟಿದ್ದು. ನಾನು ಬಂದ ಮೂರನೇ ವರ್ಷ ಕುಣಿಗಲ್ಲಿಂದ ಒಂದು ಕಾರ್ಡು ಬಂತು, ಆ ದತ್ತು ಹೋದೋರು ತೀರಿಹೋದ್ರು ಅಂತ. ಮಾವನೋರು ಬಾವಿ ಹತ್ರ ಬಂದು, ನೀರು ಸೇದ್ತಾ ಇದ್ದ ನನ್ನ ಕೈಲೇ ತಲೆ ಮೇಲೆ ಬಿಂದಿಗೆ ಹುಯ್ಯಿಸ್ಕೊಂಡ್ರು. ಆಗ ಹೇಳಿದ್ರು. ದತ್ತು ಹೋದೋರಿಗೂ ನಮಗೂ ಮೂರು ದಿನ, ಯಾರಿಗೂ ಬಾಯಿ ಬಿಡಬೇಡ ಅಂದ್ರು. ಅರವತ್ತೊಂದು ವರ್ಷ ಬಿಟ್ಟಿಲ್ಲ."

ರಾಗಿಯ ವಿಷಯ ತುಳಸಮ್ಮನ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಒಳಗೆ ಬೇರೆ ಏನೋ ಕುದಿಯುತ್ತಿತ್ತು.

"ಇಷ್ಟೆಲ್ಲ ಬರತ್ತೆ ನಿಂಗೆ. ಇಷ್ಟು ಚೆನ್ನಾಗಿ ಬರತ್ತೆ. ನನ್ನ ಸರದೀಲಿ ಯಾಕಮ್ಮ ನಿಂಗೆ ಮೊಣಕಾಲು ಹಿಡೀಲಿಲ್ಲ?"

ಮುಂಬಾಗಿಲಲ್ಲಿ ಗಾಡಿ ನಿಂತ ಸದ್ದಾಯಿತು. ಅನಂತರಾಮಯ್ಯ ಕಾಯಿ ಮೂಟೆ ಇಳಿಸುತ್ತಿದ್ದರು. 'ಅಮ್ಮಾ' ಎಂದು ಅಲ್ಲಿಂದಲೇ ಕೂಗಿದರು. ಹಿಂದೆಯೇ ಪುರೋಹಿತರ ಕೊಡೆ ಕಾಣಿಸಿತು. ಬರುವ ದಾರಿಯಲ್ಲಿ ಅವರನ್ನೂ ಕೂರಿಸಿಕೊಂಡು ಬಂದಿದ್ದರು, ಇವತ್ತೇ ಲಗ್ನಪತ್ರಿಕೆ ಬರೆಸಿಬಿಡಬೇಕೆಂದು.

ನಡುಮನೆಯಲ್ಲಿ ಮಣೆ ಹಾಕಿದರು. ಅನಂತರಾಮಯ್ಯ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ದೊಡ್ಡದಾಗಿ ಓದಿದರು. ಬುಧವಾರ ಬೆಳಿಗ್ಗೆ ಏಳಕ್ಕೆ ಸುದ್ದಿ ತಲುಪಿತು, ಮನೆಯ ಹಿರಿಯರು ಸ್ನಾನಕ್ಕೆ ಏಳಲಿಲ್ಲ.

"ನಮ್ಮಮ್ಮ ಎಂಥೋಳು ಅಂತ ನಿಮಗೇ ಗೊತ್ತು," ಎಂದರು. "ತುಳಸಿ ಮದುವೇನ ನಿಲ್ಲಿಸಿದೋಳು. ನನ್ನ ಮಗಳಿಗೋಸ್ಕರ ಸೂತಕ ಮುಚ್ಚಿಡ್ತಾಳಾ?"

ತುಳಸಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಣ್ಣನಿಗೆ ಆ ಮಾತು ಎಲ್ಲಿ ನಾಟುತ್ತದೆಂಬ ಪರಿವೆಯೇ ಇರಲಿಲ್ಲ, ಮೂವತ್ತಾರು ವರ್ಷದಿಂದ ಇರಲಿಲ್ಲ.

ಪುರೋಹಿತರು ತಲೆ ಅಲ್ಲಾಡಿಸಿದರು. ಆದರೆ ಲೇಖನಿ ತೆಗೆಯಲಿಲ್ಲ. "ನೀವು ಮೂರು ದಿನ ಚೇಳೂರಲ್ಲಿ ಇದ್ರಿ ಅಂದ್ರಿ. ದೇವರ ಪೂಜೆ ನಿಂತಿತ್ತಾ?"

"ಇಲ್ಲಪ್ಪ. ನಡೀತಲ್ಲ, ಅಲಮೇಲು?"

"ದಿನಾ ನಡೀತು," ಎಂದರು ಅಲಮೇಲಮ್ಮ.

"ನೈವೇದ್ಯ ಯಾರು ಮಾಡಿದ್ದು?"

ಅನಂತರಾಮಯ್ಯ ಹೆಂಡತಿಯ ಮುಖ ನೋಡಿದರು. ಪುರೋಹಿತರು ಯಾಕೆ ಕೇಳುತ್ತಿದ್ದಾರೆಂದು ಆಗ ಅಲಮೇಲಮ್ಮನವರಿಗೆ ಹೊಳೆಯಿತು. ಮೂರು ದಿನ ಒಗೆದ ಕೌದಿಗಳೂ ಒಟ್ಟಿಗೇ ಹೊಳೆದವು. ಮುಖದ ಬಣ್ಣ ಇಳಿಯಿತು. ಒಳಕೋಣೆಯ ಬಾಗಿಲ ಸಂದಿಯಲ್ಲಿ ವಸುಮತಿಯ ಸೀರೆಯ ಅಂಚು ಕಾಣುತ್ತಿತ್ತು. ಕಿವಿಗೊಟ್ಟು ನಿಂತಿದ್ದಳು, ಪಾಪ, ಏನೊಂದೂ ತಿಳಿಯದೆ.

"ಅಮ್ಮಾನೇ ಮಾಡಿದ್ದು," ಎಂದಳು ತುಳಸಮ್ಮ. "ಇನ್ಯಾರು ಮಾಡ್ತಾರೆ? ನಾನು ನೀರು ತಂದುಕೊಟ್ಟೆ ಅಷ್ಟೆ."

"ಕೌಸಲ್ಯಮ್ಮನೋರೇ?"

"ಮೂರು ದಿನವೂ. ಮೊಣಕಾಲು ನೋವು ಅಂದ್ರೂ ಬಿಡಲಿಲ್ಲ. ಅತ್ತಿಗೇನ ಕೇಳಿ."

ಅಲಮೇಲಮ್ಮ ನಾದಿನಿಯನ್ನು ನೋಡಿದರು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಕೂತು ಜಗಳವಾಡಿದವರು ಇಬ್ಬರೂ. "ಹೌದು," ಎಂದರು. "ಅತ್ತೆಯವರೇ ಮಾಡಿದ್ದು."

ಪುರೋಹಿತರು ಅರಿಶಿನ ಹಚ್ಚಿದ ಹಾಳೆ ಮುಂದಕ್ಕೆಳೆದುಕೊಂಡರು. ಶ್ರೀ ಬರೆದರು.

ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ತಾಯಿ ಮಗಳು ಇಬ್ಬರೇ ಉಳಿದರು. ಒದ್ದೆ ಸೀರೆಯನ್ನು ತುಳಸಮ್ಮ ಮಹಡಿಯ ಮೇಲೆ ಕೌದಿಗಳ ನಡುವೆ ಒಣಗಹಾಕಿ ಬಂದಿದ್ದಳು. ಎಲೆ ಹಾಕಿದಳು, ಅನ್ನ ಬಡಿಸಿದಳು. ಕೌಸಲ್ಯಮ್ಮ ಅನ್ನ ಮುಟ್ಟದೆ ಕೂತಳು.

"ಆಗ ದೇವರಿಗೆ ಹೆದರಿದ್ದೆ ಕಣೇ," ಎಂದಳು. "ನಿಜ ಹೇಳಿದ್ರೆ ದೇವರು ನಿಂಗೆ ಒಳ್ಳೇದು ಮಾಡ್ತಾನೆ ಅಂದ್ಕೊಂಡಿದ್ದೆ. ಆಮೇಲೆ ಮೂವತ್ತಮೂರು ವರ್ಷ ನೀನು ಈ ಒಲೆ ಮುಂದೆ ಕೂತಿದ್ದು ನೋಡಿದೀನಿ. ಆ ಹೆದರಿಕೆ ಎಲ್ಲೋ ಹೋಯ್ತು. ಈ ಸಲದ ಪಾಪ ನಂಗಿರಲಿ."

ತುಳಸಮ್ಮ ಸಾರು ಬಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಕ್ಷಮಿಸಿದೆ ಎಂದು ಹೇಳುವ ಮನಸ್ಸು ಅವಳಿಗೆ ಬರಲಿಲ್ಲ, ಮುಂದೆಯೂ ಬರಲಿಲ್ಲ. ಮದುವೆಯ ದಿನ ವಸುಮತಿ ಕಾಲಿಗೆ ಬಿದ್ದಾಗಲೂ ಅವಳ ತಲೆ ಸವರಿದಳೇ ಹೊರತು, ಪಕ್ಕದಲ್ಲಿದ್ದ ತಾಯಿಯ ಕಡೆ ತಿರುಗಲಿಲ್ಲ.

ಉಪ್ಪಿನ ಮರಿಗೆಯನ್ನು ಮಾತ್ರ ಆ ದಿನ ತಾಯಿಯ ಎಲೆಯ ಹತ್ತಿರ ಸರಿಸಿದಳು.

"ಹಾಕ್ಕೋ," ಎಂದಳು. "ಮೂರು ದಿನ ಆಯ್ತು."